ಹೊಗೆ ಕಾಣದ ಸುಡುಮಣ್ಣು

ತರಗೆಲೆ ಸುಡುವುದು ಅಪರಾಧ ಎಂದು ನಾವು ಮೊದಲು ಕೇಳಿದ್ದು ಮೈಕ್ ಕಟ್ಟಿದ ಒಂದು ರಿಕ್ಷಾದಿಂದ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಪರ್ಕಳದ ನಮ್ಮ ಮನೆಯ ಎದುರು ಅಂಥ ರಿಕ್ಷಾಗಳಿಗೆ ಬರ ಇರಲಿಲ್ಲ. ಯಕ್ಷಗಾನ, ಸೀರೆಯ ಸೇಲ್, ಕಣ್ಣಿನ ಉಚಿತ ತಪಾಸಣೆ, ಎಲ್ಲವೂ ಹಾಗೆಯೇ ಕೂಗಿಕೊಂಡು ಬಂದು ಹಾಗೆಯೇ ಹೋಗುತ್ತಿದ್ದವು. ಆ ದಿನದ್ದು ಮಾತ್ರ ಹಾಡಿಲ್ಲದೆ, ಹಿನ್ನೆಲೆ ಸಂಗೀತವಿಲ್ಲದೆ ನೇರವಾಗಿ ಹೇಳಿತು: ಕಸ, ತರಗೆಲೆ, ತೆಂಗಿನ ಮಡಲು ಇವುಗಳನ್ನು ರಸ್ತೆ ಬದಿಯಲ್ಲಾಗಲಿ, ಸ್ವಂತ ಮನೆಯ ಕಂಪೌಂಡಿನ ಒಳಗಾಗಲಿ ಸುಡುವುದು ಕಾನೂನಿಗೆ ವಿರುದ್ಧ, ಸುಟ್ಟವರಿಗೆ ದಂಡ.

ಅಮ್ಮ ಆಗ ಅಂಗಳದಲ್ಲಿ ತರಗೆಲೆ ಗುಡಿಸುತ್ತಿದ್ದಳು. ಗುಡಿಸಿದ ರಾಶಿಯ ಪಕ್ಕದಲ್ಲಿ ಬೆಂಕಿಪೊಟ್ಟಣ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಆ ಬೆಂಕಿಪೊಟ್ಟಣವನ್ನು ಕಾಲಿನಿಂದ ಎಲೆಯ ಅಡಿಗೆ ತಳ್ಳಿದಳು. ರಿಕ್ಷಾ ತಿರುವಿನಲ್ಲಿ ಮರೆಯಾದ ಮೇಲೆ ಅವಳಿಗೆ ಸಿಟ್ಟು ಬಂತು.

"ಮರ ನಮ್ಮದು, ಎಲೆ ನಮ್ಮದು, ಬೆಂಕಿಪೊಟ್ಟಣ ನಮ್ಮದು. ಇದರಲ್ಲಿ ಸರಕಾರದ್ದು ಎಂತ ಉಂಟು?"

ನಿಜ ಹೇಳಬೇಕೆಂದರೆ ನಾನೂ ದಂಗಾಗಿದ್ದೆ. ಕಳ್ಳಭಟ್ಟಿ, ಇಸ್ಪೀಟು, ಮರಳು ಕದಿಯುವುದು ಇಂಥವು ಅಪರಾಧ ಎಂದು ಗೊತ್ತಿತ್ತು. ಗೋಡಂಬಿ ಮರದ ಎಲೆ ಸುಡುವ ಹೆಂಗಸು ಕೂಡ ಅದೇ ಸಾಲಿಗೆ ಸೇರುತ್ತಾಳೆ ಎಂದು ಯಾರು ಊಹಿಸುತ್ತಾರೆ? ನಮ್ಮ ಕಡೆ ಸಂಜೆ ಎಂದರೆ ಹೊಗೆ. ಮಣಿಪಾಲದಿಂದ ಕಾರ್ಕಳದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತರೆ, ಯಾವ ಹಿತ್ತಿಲಿನಲ್ಲಿ ಏನು ಸುಡುತ್ತಿದ್ದಾರೆ ಎಂದು ಮೂಗೇ ಹೇಳುತ್ತಿತ್ತು.

ಅಮ್ಮ ಬೆಂಕಿಯನ್ನು ಬಿಡಲಾರದವಳು ಯಾಕೆ ಎಂದರೆ ಅವಳ ಮಲ್ಲಿಗೆ. ಅವಳು ಕಾಪು ಹತ್ತಿರದ ಊರಿನವಳು. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಅಲ್ಲಿ ಮಲ್ಲಿಗೆ ಬೆಳೆಯದವರು ಕಡಿಮೆ. ಅಪ್ಪ ತೀರಿಕೊಂಡ ಮೇಲೆ, ನನ್ನ ಗಂಡನೂ ಕುವೈತಿನಲ್ಲಿ ಇದ್ದುದರಿಂದ, ಅವಳು ಪರ್ಕಳಕ್ಕೆ ನನ್ನ ಜೊತೆ ಇರಲು ಬಂದಳು. ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಮಲ್ಲಿಗೆಯ ಗೆಲ್ಲುಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದಳು. ಆ ಗೆಲ್ಲುಗಳು ಬೇರು ಬಿಟ್ಟು, ಹಿತ್ತಿಲು ತುಂಬಿ, ಬೆಳಗಾದರೆ ಅಕ್ಕಪಕ್ಕದವರು ಬುಟ್ಟಿ ಹಿಡಿದು ನಿಲ್ಲುವಷ್ಟಾಗಿದ್ದವು.

ಮಲ್ಲಿಗೆಗೆ ಅವಳು ಹಾಕುತ್ತಿದ್ದದ್ದು ಸುಡುಮಣ್ಣು. ಬೇಸಿಗೆಯಲ್ಲಿ ತರಗೆಲೆ, ಒಣಗಿದ ಕಡ್ಡಿ, ತೆಂಗಿನ ಸಿಪ್ಪೆ ಎಲ್ಲವನ್ನೂ ಒತ್ತಾಗಿ ಪೇರಿಸಿ, ಅದರ ಮೇಲೆ ಕೆಂಪು ಮಣ್ಣು ಮುಚ್ಚಿ, ಒಂದು ಬದಿಯಿಂದ ಬೆಂಕಿ ಕೊಡುವುದು. ಅದು ಉರಿಯುವುದಿಲ್ಲ. ಒಳಗೊಳಗೇ ದಿನಗಟ್ಟಲೆ ಕನಲುತ್ತದೆ. ಮಣ್ಣು ಬೆಂದು ಹುಡಿಯಾಗುತ್ತದೆ, ಗೆದ್ದಲಿನ ಮೊಟ್ಟೆ, ಹುಳ, ಕಳೆಯ ಬೀಜ ಎಲ್ಲ ಸಾಯುತ್ತವೆ. ತಣಿದ ಮೇಲೆ ಮಳೆಗೆ ಮೊದಲು ಬುಡಕ್ಕೆ ಹಾಕಿದರೆ ಗಿಡ ನಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಹಟ್ಟಿಗೊಬ್ಬರ ಹಾಕಿದರೆ ಗಿಡ ಊಟ ಮಾಡಿದ ಹಾಗೆ, ಸುಡುಮಣ್ಣು ಹಾಕಿದರೆ ಸ್ನಾನ ಮಾಡಿ ಊಟ ಮಾಡಿದ ಹಾಗೆ ಎನ್ನುವುದು ಅವಳ ಲೆಕ್ಕಾಚಾರ.

ರಿಕ್ಷಾ ಬಂದುಹೋದ ಮೇಲೂ ಅವಳು ನಿಲ್ಲಿಸಲಿಲ್ಲ. ಹಾಗಾಗಿ ಒಂದು ದಿನ ನಗರಸಭೆಯ ಆರೋಗ್ಯ ಇಲಾಖೆಯವರು ಒಬ್ಬರು ಬೈಕಿನಲ್ಲಿ ಬಂದರು. ಯಾರೋ ಫೋನ್ ಮಾಡಿದ್ದರಂತೆ. ಯಾರು ಎಂದು ಅವರು ಹೇಳಲಿಲ್ಲ, ನಮಗೆ ಇವತ್ತಿಗೂ ಗೊತ್ತಿಲ್ಲ. ಸಜ್ಜನ ಮನುಷ್ಯ. ಅಮ್ಮ ಕೊಟ್ಟ ಲಿಂಬೆ ಶರಬತ್ತು ಕುಡಿದು, ಗುಂಡಿ ತೋಡಿ ಎಲೆ ಹಾಕಿದರೆ ಗೊಬ್ಬರ ಆಗುತ್ತದೆ, ಹೊಗೆಯಿಂದ ಮಕ್ಕಳಿಗೆ, ವಯಸ್ಸಾದವರಿಗೆ ಕೆಮ್ಮು ದಮ್ಮು ಎಂದು ನಿಧಾನವಾಗಿ ವಿವರಿಸಿದರು. ಎದ್ದು ಹೋಗುವಾಗ ಮಾತ್ರ ಒಂದು ಮಾತು ಹೇಳಿದರು:

"ಈ ಸಲ ಸುಮ್ಮನೆ ಹೇಳಿ ಹೋಗ್ತೇನೆ ಅಮ್ಮ. ಇನ್ನೊಮ್ಮೆ ಹೊಗೆ ಕಂಡರೆ ಕೇಸ್ ಆಗ್ತದೆ."

ಕೇಸ್ ಎಂದರೆ ಅವರ ಮನಸ್ಸಿನಲ್ಲಿ ಒಂದು ರಶೀದಿ ಪುಸ್ತಕ. ಅಮ್ಮನ ಮನಸ್ಸಿನಲ್ಲಿ ಕಟಕಟೆ, ಬೇಡಿ, ಜೈಲು. ಅವಳ ಜೀವಮಾನದಲ್ಲಿ ಸರಕಾರದ ಮನುಷ್ಯನೊಬ್ಬ ಅವಳದ್ದು ತಪ್ಪು ಎಂದು ಹೇಳಿಕೊಂಡು ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು. ಮುಂದಿನ ಆದಿತ್ಯವಾರ ಇಗರ್ಜಿಗೆ ಹೋದಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಅವಳು ಹಿಂದಿನ ಬೆಂಚಿನಲ್ಲಿ ಕುಳಿತಳು. ಯಾರೂ ನೋಡುತ್ತಿರಲಿಲ್ಲ. ನಾನು ಹೇಳಿದರೆ ಕೇಳಬೇಕಲ್ಲ!

ಒಂದು ವರ್ಷ ಬೆಂಕಿ ಇರಲಿಲ್ಲ. ಹೇಳಿದ ಹಾಗೆ ಗುಂಡಿ ತೋಡಿಸಿದಳು. ಗೋಡಂಬಿ ಎಲೆ ಕೊಳೆಯುವ ಮೊದಲು ಗೆದ್ದಲು ಬಂತು. ಆ ಮಳೆಗಾಲದ ನಂತರ ಮಲ್ಲಿಗೆಯ ಬುಡದಲ್ಲೂ ಗೆದ್ದಲು. ಕಾಪುವಿನಿಂದ ತಂದ ಮೊದಲ ಗಿಡ, ಅಪ್ಪ ಇದ್ದಾಗಿನ ಗಿಡದ ಗೆಲ್ಲು, ನಿಂತಲ್ಲೇ ಒಣಗಿತು. ಅಮ್ಮ ಅದನ್ನು ಕಿತ್ತು ಬಿಸಾಡದೆ ಹಾಗೆಯೇ ಬಿಟ್ಟಳು.

ಅದರ ಮುಂದಿನ ಬೇಸಿಗೆಯಲ್ಲಿ ಅವಳು ಮತ್ತೆ ಎಲೆ ಪೇರಿಸಿದಾಗ ನಾನು ಜೋರು ಮಾಡಿದೆ. ಅಮ್ಮ ನಕ್ಕಳು. ಕಾನೂನಿನವರು ಚಾಪೆಯಡಿ ತೂರಿದರೆ ಇವಳು ರಂಗೋಲಿಯಡಿ ತೂರುವವಳು.

"ಅವರು ಹೇಳಿದ್ದು ಹೊಗೆ ಕಂಡರೆ ಕೇಸ್ ಅಂತ. ಹೊಗೆ ಕಂಡರೆ ತಾನೇ?"

ಜಾಗ ಬದಲಾಯಿತು. ಮೊದಲು ರಸ್ತೆಯ ಕಡೆ ಇದ್ದ ರಾಶಿ ಈಗ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಹೊರಗಿನವರ ಕಣ್ಣಿಗೆ ಬೀಳದ ಮೂಲೆಯಲ್ಲಿ. ಮೊದಲು ತೆಳುವಾಗಿ ಹಾಕುತ್ತಿದ್ದ ಮಣ್ಣು ಈಗ ಗೇಣುಗಟ್ಟಲೆ ದಪ್ಪ. ಮೇಲಿನಿಂದ ನೀರು ಚಿಮುಕಿಸಿ, ಅಂಗೈಯಲ್ಲಿ ತಟ್ಟಿ ತಟ್ಟಿ ನೆಲದ ಹಾಗೆ ನಯ ಮಾಡಿದಳು. ಎಲ್ಲಾದರೂ ಬಿರುಕು ಬಿಟ್ಟು ಹೊಗೆಯ ಎಳೆ ಕಂಡರೆ ಓಡಿಹೋಗಿ ಇನ್ನೊಂದು ಬೊಗಸೆ ಒದ್ದೆ ಮಣ್ಣು. ಹೊಗೆ ಗೋಡೆಯ ಆಚೆ ಕಾಣಲೇ ಇಲ್ಲ. ಹೊರಗಿನಿಂದ ನೋಡಿದರೆ ಯಾರೋ ಬಾವಿಗೆ ತೋಡಿದ ಮಣ್ಣು ತಂದು ಸುರಿದ ಹಾಗಿತ್ತು. ಒಳಗೆ ಎಲೆಯೆಲ್ಲ ಕೆಂಡವಾಗಿ ಕುಸಿದು ಟೊಳ್ಳಾಗುತ್ತಿತ್ತು.

ಅದರ ಮೇಲೆ ಕಾಲಿಡಬೇಡಿ ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಕಾಣಲಿಲ್ಲ. ಬೇಸಿಗೆಯಲ್ಲಿ ಮಲ್ಲಿಗೆ ತೋಟದ ಬದಿಯಲ್ಲಿ ಕೆಂಪು ಮಣ್ಣಿನ ದಿಬ್ಬ ಕಂಡರೆ ನಮ್ಮೂರಿನಲ್ಲಿ ಮಗು ಕೂಡ ಸುತ್ತು ಹಾಕಿ ಹೋಗುತ್ತದೆ.

ಆದರೆ ನಮ್ಮ ಹಿತ್ತಿಲಿನಲ್ಲಿ ನಮ್ಮೂರಿನವರಲ್ಲದವರೂ ಇದ್ದರು. ಮನೆಯ ಹಿಂದೆ ಒಂದು ಕೋಣೆ, ಒಂದು ಅಡಿಗೆಮನೆಯ ಹೆಂಚಿನ ಬಾಡಿಗೆ ಮನೆ ಇತ್ತು. ಅದರಲ್ಲಿ ಗದಗದ ಕಡೆಯ ಗಂಡ ಹೆಂಡತಿ. ಗಂಡ ಗಾರೆ ಕೆಲಸದವನು, ಹೆಂಡತಿ ಮಣಿಪಾಲದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಜಲ್ಲಿ, ಮರಳು ಹೊರುವವಳು. ನಮ್ಮಲ್ಲಿಗೆ ಬರುವ ಮೊದಲು ಅವರು ಕೆಲಸದ ಜಾಗದಲ್ಲಿ ಟಾರ್ಪಾಲಿನ ಗುಡಿಸಿಲಲ್ಲಿ ಒಂದು ಮಳೆಗಾಲ ಕಳೆದಿದ್ದರು. ಘಟ್ಟದ ಮೇಲಿನವರು ಎಂದು ಬಾಡಿಗೆಗೆ ಯಾರೂ ಮನೆ ಕೊಟ್ಟಿರಲಿಲ್ಲ. ನಾನೂ ಹಿಂದೆಮುಂದೆ ನೋಡಿದ್ದೆ, ಅಮ್ಮ ಕೊಟ್ಟಿದ್ದಳು. ಆ ಹೆಣ್ಣು ಮಗಳು ಅಮ್ಮನನ್ನು "ಅಮ್ಮಾರ" ಎಂದೂ ನನ್ನನ್ನು "ಅಕ್ಕಾರ" ಎಂದೂ ಕರೆಯುತ್ತಿದ್ದಳು. ಗುಡಿಸಿಲಿನ ಕತೆ ಹೇಳುವಾಗ, ಮಲಗಿದಲ್ಲೇ ನೀರು ಹರಿದು ಪಾತ್ರೆಗಳು ದೋಣಿಯಾಗಿ ತೇಲಿಹೋದದ್ದನ್ನು ಹೇಳುವಾಗ, ನಗುತ್ತಿದ್ದಳು. ಅವಳ ಜೋಳದ ರೊಟ್ಟಿ ನಮ್ಮ ಮನೆಗೆ, ನಮ್ಮ ಮೀನಿನ ಸಾರು ಅವಳ ಮನೆಗೆ. ಅಮ್ಮ ಅವಳ ಮುಡಿಗೆ ಮಲ್ಲಿಗೆ ಕೊಡದ ದಿನ ಇರಲಿಲ್ಲ.

ಒಂದು ಆದಿತ್ಯವಾರ. ನಾವು ಇಗರ್ಜಿಯಿಂದ ಬಂದು ಬಟ್ಟೆ ಬದಲಿಸುತ್ತಿದ್ದೆವು. ಅವಳಿಗೂ ಕೆಲಸಕ್ಕೆ ರಜೆ. ಬಟ್ಟೆ ಒಗೆದಿದ್ದಳು. ಒಣಗಿಸುವ ಹಗ್ಗ ಸಡಿಲವಾಗಿ ಒದ್ದೆ ಸೀರೆ ನೆಲಕ್ಕೆ ತಾಗುತ್ತಿತ್ತು. ಹಗ್ಗದ ಒಂದು ತುದಿ ಪೇರಳೆ ಮರದ ಎತ್ತರದ ಗೆಲ್ಲಿನಲ್ಲಿ. ಮರದ ಕೆಳಗೇ ಆ ದಿಬ್ಬ. ಅಮ್ಮ ಎಲೆ ಪೇರಿಸಿ ಬೆಂಕಿ ಕೊಟ್ಟಾಗ ಅವಳು ಕೆಲಸಕ್ಕೆ ಹೋಗಿದ್ದಳು, ನೋಡಿರಲಿಲ್ಲ. ಅವಳ ಊರಿನಲ್ಲಿ ಮಣ್ಣಿನ ದಿಬ್ಬ ಎಂದರೆ ಮಣ್ಣಿನ ದಿಬ್ಬ, ತಿಪ್ಪೆ ಎಂದರೆ ತಿಪ್ಪೆ. ಹತ್ತಿ ನಿಂತರೆ ಕೈಗೆ ಎಟುಕುತ್ತದೆ. ಅವಳು ಹತ್ತಿದಳು.

ಆ ಕೂಗು ಮನುಷ್ಯರದ್ದು ಎಂದು ನನಗೆ ಮೊದಲು ಅನಿಸಲಿಲ್ಲ. ಓಡಿಹೋಗಿ ನೋಡಿದರೆ ದಿಬ್ಬದ ನಡುವೆ ಒಂದು ಕಾಲು ಮೊಣಕಾಲಿನ ಹತ್ತಿರದವರೆಗೆ ಒಳಗೆ ಹೋಗಿದೆ. ಅವಳು ಎರಡೂ ಕೈಯಲ್ಲಿ ಹಗ್ಗ ಹಿಡಿದು ಜೋಲುತ್ತಿದ್ದಾಳೆ. ಕಾಲು ಹೂತ ತೂತಿನಿಂದ, ಅಷ್ಟು ದಿನ ಅಮ್ಮ ಅಡಗಿಸಿಟ್ಟಿದ್ದ ಹೊಗೆಯೆಲ್ಲ ಒಟ್ಟಿಗೆ ಏಳುತ್ತಿದೆ. ಹೇಗೆ ಎಳೆದೆನೋ, ಒಗೆಯುವ ಕಲ್ಲಿನ ಬಕೆಟ್ಟಿನ ನೀರನ್ನು ಹೇಗೆ ಸುರಿದೆನೋ ನೆನಪಿಲ್ಲ. ನೆನಪಿರುವುದು ವಾಸನೆ. ಅದನ್ನು ಬರೆಯುವುದಿಲ್ಲ.

ಅಮ್ಮ ಒಗೆಯುವ ಕಲ್ಲಿನ ಹತ್ತಿರವೇ ನಿಂತುಬಿಟ್ಟಿದ್ದಳು. ಅರ್ಧ ತೆಗೆದ ಇಗರ್ಜಿಯ ಸೀರೆ ಅವಳ ಮೈಮೇಲೆ ಹಾಗೆಯೇ ಇತ್ತು.

ಗಂಡ ಬೆಳಿಗ್ಗೆಯೇ ಯಾವುದೋ ಸಾರಣೆ ಕೆಲಸಕ್ಕೆಂದು ಹೋಗಿದ್ದ. ಎದುರು ಮನೆಯವರು ರಿಕ್ಷಾ ಕರೆದರು. ಹಿಂದಿನ ಸೀಟಿನಲ್ಲಿ ಅವಳು ನಡುವೆ, ನಾವಿಬ್ಬರು ಎರಡು ಬದಿ. ಒದ್ದೆ ಬಟ್ಟೆ ಸುತ್ತಿದ ಆ ಕಾಲನ್ನು ನಾನು ನನ್ನ ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಅವಳು ಕೂಗುವುದನ್ನು ನಿಲ್ಲಿಸಿ ಹಲ್ಲು ಕಚ್ಚಿ ನಡುಗುತ್ತಿದ್ದಳು. ರಿಕ್ಷಾ ಇಳಿಜಾರಿನಲ್ಲಿ ತಿರುಗುವಾಗ ಅಮ್ಮ ಅವಳ ಕಿವಿಯ ಹತ್ತಿರ ಬಾಗಿದಳು. ದೇವರ ಹೆಸರು ಹೇಳುತ್ತಾಳೆ ಎಂದುಕೊಂಡೆ.

"ಯಾರಾದರೂ ಕೇಳಿದರೆ ಒಲೆ ಅಂತ ಹೇಳು. ಒಲೆಯ ಕೆಂಡ ತುಳಿದೆ ಅಂತ ಹೇಳು."

ಕೇಳಿದ್ದು ಸರಿಯೇ ಎಂದು ನನಗೆ ಅನುಮಾನ ಬಂತು. ಸುಳ್ಳು ಹೇಳಿದ್ದಕ್ಕೆ ನನ್ನನ್ನು ಚಿಕ್ಕಂದಿನಲ್ಲಿ ಮೊಣಕಾಲೂರಿ ಕೂರಿಸಿ ಜಪಸರ ಹೇಳಿಸುತ್ತಿದ್ದ ಹೆಂಗಸು ಇವಳು. ಆ ಹೆಣ್ಣು ಮಗಳು ನೋವಿನಲ್ಲೇ ತಲೆ ಆಡಿಸಿದಳು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಗಾಯ ತೊಳೆಯುತ್ತಾ ಹೇಗೆ ಸುಟ್ಟಿತು ಎಂದು ಕೇಳಿದರು.

"ಒಲ್ಯಾಗಿನ ಕೆಂಡ ತುಳದೆನ್ರಿ."

ನಾನು ಬಾಯಿ ತೆರೆದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಅವಳ ಹಿಡಿತದಲ್ಲಿ ಎಷ್ಟು ಬಲ ಇತ್ತೆಂದರೆ ನನಗೆ ನೋವಾಯಿತು. ಡಾಕ್ಟರಮ್ಮ ಕಾಲನ್ನು ಮತ್ತೆ ನೋಡಿದರು. ಕೆಂಡ ತುಳಿದರೆ ಅಂಗಾಲು ಸುಡಬೇಕು, ಮೊಣಕಾಲಿನವರೆಗೆ ಸುತ್ತಲೂ ಹೇಗೆ ಸುಟ್ಟಿತು ಎಂದು ತಮಗೆ ತಾವೇ ಎಂಬಂತೆ ಹೇಳಿದರು. ಆಮೇಲೆ ಎದ್ದು ಹೋಗಿ ಯಾರಿಗೋ ಫೋನ್ ಮಾಡಿದರು. ಹೆಂಗಸರು ಸುಟ್ಟ ಗಾಯ ಎಂದು ಬಂದರೆ ಪೊಲೀಸರಿಗೆ ತಿಳಿಸಬೇಕು, ಅದು ನಿಯಮ ಎಂದು ನರ್ಸ್ ನನಗೆ ಹೇಳಿದಳು. ಎಲೆ ಸುಡುವುದಕ್ಕೆ ಒಂದು ಕಾನೂನು, ಹೆಂಗಸು ಸುಡುವುದಕ್ಕೆ ಇನ್ನೊಂದು. ಒಂದರಿಂದ ತಪ್ಪಿಸಿಕೊಳ್ಳಲು ಹೋಗಿ ನಾವು ಇನ್ನೊಂದರ ಬಾಯಿಗೆ ಬಿದ್ದಿದ್ದೆವು. ನಾವಲ್ಲ. ಬೀಳುವವನು ಅವಳ ಗಂಡ.

ಮೇಸ್ತ್ರಿಯ ಮೊಬೈಲಿಗೆ ಸುದ್ದಿ ಮುಟ್ಟಿಸಿ ಗಂಡನನ್ನು ಕರೆಸಿದ್ದೆವು. ಅವನು ಬರುವುದಕ್ಕೂ ಪೊಲೀಸರು ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ, ಕೂದಲಿನಲ್ಲಿ ಒಣಗಿದ ಸಿಮೆಂಟು. ಹೆಂಡತಿಯನ್ನು ನೋಡಲು ಒಳಗೆ ಹೋಗಲು ಬಿಡಲಿಲ್ಲ. ಮೊದಲು ಕಾರಿಡಾರಿನ ಕೊನೆಯ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಅರ್ಧ ತೆರೆದಿತ್ತು.

"ಕುಡೀತೀಯಾ?"

"ಒಮ್ಮೊಮ್ಮೆ ಕುಡೀತೀನ್ರಿ ಸಾಹೇಬ್ರ."

"ಹೊಡೀತೀಯಾ?"

"ಇಲ್ರಿ."

"ಕಾಲು ಹಿಡಿದು ಒಲೆಗೆ ಇಟ್ಟದ್ದು ಯಾರು ಹಾಗಾದರೆ? ಅವಳೇ ಇಟ್ಟಳಾ?"

ಅವನು ಏನೂ ಅರ್ಥವಾಗದೆ ನಿಂತಿದ್ದ. ಅವನಿಗೆ ನಡೆದದ್ದೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದಷ್ಟೂ ಪೊಲೀಸರ ಧ್ವನಿ ಏರಿತು. ಕಾರಿಡಾರಿನಲ್ಲಿ ಕಾಯುತ್ತಿದ್ದವರೆಲ್ಲ ಬಾಗಿಲಿನ ಕಡೆ ನೋಡಿ, ಘಟ್ಟದ ಮೇಲಿನವರೇ ಹೀಗೆ ಮಾರಾಯ್ರೆ, ಕುಡಿಯುವುದು, ಹೆಂಡತಿಗೆ ಬಡಿಯುವುದು ಎಂದು ತೀರ್ಮಾನ ಕೊಟ್ಟಾಗಿತ್ತು. ಒಂದು ಏಟಿನ ಸದ್ದು ಕೇಳಿಸಿತು. ಅದು ಮೇಜಿಗೆ ಬಿದ್ದದ್ದೋ ಅವನಿಗೆ ಬಿದ್ದದ್ದೋ ನನಗೆ ಕಾಣಲಿಲ್ಲ.

ನಾನು ಅಮ್ಮನ ಎದುರು ನಿಂತು ಕೊಂಕಣಿಯಲ್ಲಿ ಹೇಳಿದೆ: ನೀನು ಹೋಗಿ ಹೇಳುತ್ತೀಯೋ, ನಾನು ಹೇಳಲೋ? ಅಮ್ಮನ ತುಟಿ ಬಿಳಿಯಾಗಿತ್ತು. ನನ್ನನ್ನು ಜೈಲಿಗೆ ಹಾಕುತ್ತಾರೆ ಎಂದಳು. ಹಾಕಲಿ ಎಂದೆ. ತಾಯಿಗೆ ಹೇಳುವ ಮಾತಲ್ಲ ಅದು. ಅವಳು ನನ್ನನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು, ಎದ್ದು ಆ ಕೋಣೆಗೆ ಹೋದಳು.

"ಸರ್, ಅವನನ್ನು ಬಿಡಿ. ಬೆಂಕಿ ನನ್ನದು."

ಸುಡುಮಣ್ಣು, ಮಲ್ಲಿಗೆ, ಗೆದ್ದಲು, ಎಲ್ಲವನ್ನೂ ಹೇಳಿದಳು. ಪೊಲೀಸಿನವರು ಪೂರ್ತಿ ಕೇಳಿದರು. ಆಮೇಲೆ ಹಾಸಿಗೆಯ ಹತ್ತಿರ ಹೋಗಿ ಆ ಹೆಣ್ಣು ಮಗಳನ್ನೇ ಕೇಳಿದರು: ಮನೆಯ ಅಮ್ಮ ಹೀಗೆ ಹೇಳುತ್ತಾರೆ, ನಿಜವಾ?

"ಇಲ್ರಿ. ಅಮ್ಮಾರ ಪಾಪ, ನಮ್ಮ ಸಲುವಾಗಿ ಹಂಗ ಹೇಳ್ತಾರ್ರಿ. ಒಲೀನಽ ರೀ."

ಅಮ್ಮ ಸುಳ್ಳು ಹೇಳುವಂತೆ ಹೇಳಿಕೊಟ್ಟದ್ದು ಮೊದಲ ಆಘಾತವಾಗಿದ್ದರೆ, ಆ ಸುಳ್ಳನ್ನು ಇವಳು ಹೀಗೆ ಕಚ್ಚಿ ಹಿಡಿದದ್ದು ಅದಕ್ಕಿಂತ ದೊಡ್ಡದು. ಗಂಡ ಕಾರಿಡಾರಿನ ಆ ಕೋಣೆಯಲ್ಲಿ ಇದ್ದಾನೆ, ಯಾಕೆ ಇದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಗಂಡ ಏನೂ ಮಾಡಿಲ್ಲ ಎಂದು ಅಳುತ್ತಾ ಹೇಳುತ್ತಿದ್ದಳು, ಅದೇ ಉಸಿರಿನಲ್ಲಿ ಒಲೆ ಎಂದೂ ಹೇಳುತ್ತಿದ್ದಳು. ಈಗ ಪೊಲೀಸರಿಗೆ ಎಲ್ಲ ಸ್ಪಷ್ಟವಾಯಿತು: ಬಾಡಿಗೆಯವನನ್ನು ಉಳಿಸಲು ಮುದುಕಿ ಕತೆ ಕಟ್ಟುತ್ತಿದ್ದಾಳೆ. ಸುಡುಮಣ್ಣಂತೆ, ಅದೂ ಹೊಗೆ ಕಾಣದ ಸುಡುಮಣ್ಣಂತೆ! ಅಮ್ಮ ಹೇಳಿದ್ದೇ ನಿಜ ಎಂದು ನಾನು ಹೇಳಿದರೆ, ಮಗಳು ಇನ್ನೇನು ಹೇಳುತ್ತಾಳೆ ಎಂದರು.

"ಎಂತ ಅಮ್ಮ, ಈ ಪ್ರಾಯದಲ್ಲಿ ಪೊಲೀಸರಿಗೆ ಸುಳ್ಳು ಹೇಳುವುದಾ?"

ಅಮ್ಮನನ್ನು ಅಂಥ ಮುಖದಲ್ಲಿ ನಾನು ಅದಕ್ಕಿಂತ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಸತ್ಯ ಹೇಳುವುದಕ್ಕೆ ಅಷ್ಟು ಕಷ್ಟಪಟ್ಟು ಎದ್ದು ಬಂದರೆ ಅದನ್ನು ಕೊಳ್ಳುವವರೇ ಇಲ್ಲ.

"ಬನ್ನಿ, ತೋರಿಸುತ್ತೇನೆ" ಎಂದಳು. "ನಿಮ್ಮ ಜೀಪಿನಲ್ಲೇ ಬರುತ್ತೇನೆ."

ಹೊಗೆ ಯಾರಿಗೂ ಕಾಣಬಾರದು ಎಂದು ಮಣ್ಣಿನ ಮೇಲೆ ಮಣ್ಣು ತಟ್ಟಿದವಳು ಆ ಮಧ್ಯಾಹ್ನ ಪೊಲೀಸ್ ಜೀಪಿನಲ್ಲಿ ಕುಳಿತು ಪರ್ಕಳದ ಪೇಟೆಯ ನಡುವೆ ಮನೆಗೆ ಬಂದಳು. ಹಿಂದಿನ ಸೀಟಿನಲ್ಲಿ ನಾನು, ನನ್ನ ಎದುರು ಆ ಗಂಡ. ಅಂಗಡಿಗಳ ಮುಂದೆ ನಿಂತವರೆಲ್ಲ ತಿರುಗಿದರು. ಜೀಪು ನಮ್ಮ ಗೇಟಿನ ಎದುರು ನಿಂತಾಗ ಕಂಪೌಂಡಿನ ಗೋಡೆಯ ಮೇಲೆ ಒಂದರ ಪಕ್ಕ ಒಂದು ತಲೆ. ಅಮ್ಮ ಯಾರನ್ನೂ ನೋಡಲಿಲ್ಲ. ನೇರ ಹಿತ್ತಿಲಿಗೆ ನಡೆದಳು, ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡಳು, ಯಾರಿಗೂ ಕೈ ಹಾಕಲು ಬಿಡದೆ ದಿಬ್ಬವನ್ನು ತಾನೇ ಒಡೆದಳು.

ಒಳಗೆ ಕೆಂಪಗೆ ಕೆಂಡ. ನಾನು ಸುರಿದ ನೀರು ಒಂದು ಮೂಲೆಯನ್ನು ಮಾತ್ರ ಆರಿಸಿತ್ತು. ಬಿಸಿಗೆ ಪೊಲೀಸಿನವರು ಎರಡು ಹೆಜ್ಜೆ ಹಿಂದೆ ಸರಿದರು. ಕಾಲು ಇಳಿದಿದ್ದ ತೂತಿನ ಬುಡದಲ್ಲಿ, ಅರ್ಧ ಕರಗಿ ಮಣ್ಣಿಗೆ ಅಂಟಿಕೊಂಡ ಒಂದು ಹವಾಯಿ ಚಪ್ಪಲಿ. ಮೇಲೆ ಪೇರಳೆ ಗೆಲ್ಲಿನಲ್ಲಿ ಆ ಹಗ್ಗ, ಹಗ್ಗದಲ್ಲಿ ಅವಳ ಸೀರೆ. ಸೀರೆ ಅಷ್ಟರಲ್ಲಿ ಒಣಗಿತ್ತು.

ಗಂಡ ಆ ಚಪ್ಪಲಿಯನ್ನು ನೋಡಿ ನೆಲದಲ್ಲಿ ಕುಕ್ಕರಿಸಿ ಕುಳಿತುಬಿಟ್ಟ. ಅಮ್ಮನಿಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಪೊಲೀಸಿನವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಎಲೆ ಸುಟ್ಟದ್ದು ನಮಗೆ ಸಂಬಂಧಪಟ್ಟದ್ದಲ್ಲ, ಅದು ನಗರಸಭೆಯದ್ದು ಎಂದರು. ಬೆಂಕಿಯನ್ನು ಹೀಗೆ ಬೇಜವಾಬ್ದಾರಿಯಿಂದ ಇಟ್ಟು ಒಬ್ಬರಿಗೆ ಗಾಯವಾದರೆ ಅದು ನಮ್ಮದು, ಆದರೆ ಆ ಹುಡುಗಿ ದೂರು ಕೊಡಬೇಕಲ್ಲ ಎಂದರು. ಅವಳು ಕೊಡಲಿಲ್ಲ. ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಹೋಗುವಾಗ ಗಂಡನ ಹೆಗಲ ಮೇಲೆ ಒಮ್ಮೆ ಕೈಯಿಟ್ಟರು. ಅಷ್ಟೇ ಅವನಿಗೆ ಸಿಕ್ಕಿದ ಕ್ಷಮಾಪಣೆ.

ನಗರಸಭೆಯ ಆ ಸಜ್ಜನ ಮನುಷ್ಯ ಆ ವಾರವೇ ಬಂದರು. ಈ ಸಲ ಶರಬತ್ತು ಕುಡಿಯಲಿಲ್ಲ. ದಂಡದ ರಶೀದಿ ಹರಿದು ಕೊಟ್ಟರು. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ, ಇಷ್ಟೇನಾ ಎಂದು ಕೇಳಿದಳು. ಇಷ್ಟೇ ಎಂದರು. ಯಾವ ಬೇಡಿ, ಯಾವ ಕಟಕಟೆಯನ್ನು ನೆನೆದು ಅವಳು ಒಬ್ಬ ಮನುಷ್ಯನನ್ನು ಪೊಲೀಸರ ಕೈಗೆ ಕೊಡಲು ಹೊರಟಿದ್ದಳೋ, ಅದು ಒಂದು ಅಂಗೈ ಅಗಲದ ತೆಳು ಹಾಳೆಯಾಗಿತ್ತು. ಅವಳು ಅದನ್ನು ಹಿಡಿದುಕೊಂಡು ಜಗಲಿಯಲ್ಲಿ ಕುಳಿತಳು. ಆಮೇಲೆ ಅಳತೊಡಗಿದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ನನಗೆ ಇನ್ನೂ ಸಿಟ್ಟಿತ್ತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಮ್ಮ ಅವಳನ್ನು ಹಿಂದಿನ ಕೋಣೆಗೆ ಕಳುಹಿಸಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ನನ್ನ ಗಂಡ ಊರಿಗೆ ಬಂದಾಗ ಮಲಗುವ ಮಂಚದಲ್ಲಿ ಮಲಗಿಸಿದಳು. ಗಾಯಕ್ಕೆ ಬಟ್ಟೆ ಬದಲಿಸುವುದು ತಾನೇ. ನರ್ಸ್ ಹೇಳಿಕೊಟ್ಟ ಹಾಗೆ ಕೈ ತೊಳೆದು, ನೀರು ಕುದಿಸಿ ತಣಿಸಿ, ಮುಲಾಮು ಹಚ್ಚಿ. ಮಳೆ ಹಿಡಿಯುವ ಹೊತ್ತಿಗೆ ಅವಳು ಗೋಡೆ ಹಿಡಿದು ನಡೆಯುವಂತಾದಳು. ಆದರೆ ಕಾಲು ಮೊದಲಿನ ಹಾಗೆ ಊರುವುದಿಲ್ಲ, ತಲೆಯ ಮೇಲೆ ಭಾರ ಹೊತ್ತು ಏಣಿ ಹತ್ತುವ ಕೆಲಸ ಇನ್ನು ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಕುಳಿತಲ್ಲೇ ಮಲ್ಲಿಗೆ ಕಟ್ಟುವುದನ್ನು ಅಮ್ಮ ಕಲಿಸಿದಳು. ಆ ವರ್ಷ ಗಿಡಗಳಿಗೆ ಸುಡುಮಣ್ಣು ಇಲ್ಲ. ಒಡೆದ ದಿಬ್ಬದ ಬೆಂದ ಮಣ್ಣನ್ನು ಬುಡಕ್ಕೆ ಹಾಕಲು ಅಮ್ಮನಿಗೆ ಮನಸ್ಸಾಗಲಿಲ್ಲ. ಮಳೆ ಅದನ್ನು ತೊಳೆದುಕೊಂಡು ಹೋಯಿತು.

ಅಮ್ಮನಿಗೆ ಒಂದು ವಿಷಯ ಮಾತ್ರ ಒಳಗೆ ಕೊರೆಯುತ್ತಿತ್ತು. ನನಗೂ. ಒಂದು ಸಂಜೆ ಗಾಯದ ಬಟ್ಟೆ ಬದಲಿಸುತ್ತಿರುವಾಗ ಅಮ್ಮ ಕೇಳಿಯೇಬಿಟ್ಟಳು.

"ನಾನು ಭಯದಲ್ಲಿ ಹೇಳಿದ್ದು ಹೌದು. ತಪ್ಪು ನನ್ನದೇ. ಆದರೆ ಆಮೇಲೆ ನಾನೇ ಪೊಲೀಸರ ಹತ್ತಿರ ನಿಜ ಹೇಳಿದೆ ಅಲ್ವಾ? ಆಗ ಕೂಡ ನೀನು ಯಾಕೆ ಒಲೆ ಅಂದೆ ಮಾರಾಯ್ತಿ? ಗಂಡನಿಗೆ ಎಂತ ಆಗ್ತದೆ ಅಂತ ನಿನಗೆ ಅನಿಸಲಿಲ್ಲವಾ?"

ಅವಳು ಅಮ್ಮನ ಪ್ರಶ್ನೆಯೇ ವಿಚಿತ್ರ ಎನ್ನುವ ಹಾಗೆ ನೋಡಿದಳು. ಅವಳ ಧ್ವನಿಯಲ್ಲಿ ಚುಚ್ಚು ಇರಲಿಲ್ಲ, ದೂರೂ ಇರಲಿಲ್ಲ.

"ನೀವಽ ಹೇಳಂದ್ರಲ್ರಿ ಅಮ್ಮಾರ. ಬ್ಯಾಡ ಅಂತ ನನಗ ಹೇಳಲಿಲ್ರಿ. ನಿಮಗ ಜೇಲ್ ಆತಂದ್ರ, ಅಕ್ಕಾರ ನಮ್ಮನ್ನ ಮನ್ಯಾಗ ಇಟಗೋತಾರೇನ್ರಿ?" ಕಿಟಕಿಯ ಆಚೆ ಸುರಿಯುತ್ತಿದ್ದ ಮಳೆಯನ್ನು ನೋಡಿದಳು. "ಗಂಡ ಎರಡ ದಿನ ಠಾಣೇದಾಗ ಕುಂತು ಬರ್ತಾನ್ರಿ. ಮನಿ ಹೋದ್ರ ಬರ್ತೈತೇನ್ರಿ?"

ಅಮ್ಮನ ಕೈ ಅವಳ ಕಾಲಿನ ಮೇಲೆ ಹಾಗೆಯೇ ನಿಂತಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಯವರೆಗೆ ಇಡೀ ಕತೆಯಲ್ಲಿ ತಪ್ಪಿತಸ್ಥೆ ಅಮ್ಮ, ನ್ಯಾಯದ ಪರ ನಿಂತವಳು ನಾನು ಎಂದುಕೊಂಡಿದ್ದೆ. ಆ ಹೆಣ್ಣು ಮಗಳು ಹೆದರಿದ್ದು ನನಗೆ.